ಬುಟ್ಟಿಯಮ್ಮ ಸಿಟ್ಟಾದ ದಿನ

ನಮ್ಮ ಬೀದಿಯ ಬುಟ್ಟಿಯಮ್ಮ ಐವತ್ತು ವರ್ಷ ಬೆತ್ತದ ಬುಟ್ಟಿ ಹೆಣೆದವಳು. ಅವಳ ಮಗ ಶಾಲೆಯಲ್ಲಿ ನನ್ನ ಶಿಷ್ಯನಾಗಿದ್ದವನು. ಮಗ್ಗಿಯಲ್ಲಿ ಚುರುಕು, ಯಾರು ಏನು ಹೇಳಿದರೂ ನಂಬುವುದರಲ್ಲಿ ಇನ್ನೂ ಚುರುಕು. ಸೊಸೆ ಬಿಸ್ಕತ್ತು ಕಾರ್ಖಾನೆಯಲ್ಲಿ ತಪಾಸಣೆಯವಳು. ಸಾಲಾಗಿ ಓಡುವ ಪೊಟ್ಟಣಗಳಲ್ಲಿ ಅಂಟು ಬಿಟ್ಟ ಒಂದನ್ನು ದೂರದಿಂದಲೇ ಹಿಡಿಯುವ ಕಣ್ಣು ಅವಳದು. ಎರಡು ವರ್ಷದ ಹಿಂದೆ ಆ ಕಣ್ಣಿಗೆ ನಿದ್ದೆ ಹತ್ತದಂತಾಯಿತು. ಎದೆ ಡವಗುಟ್ಟುವುದು, ಕೈ ನಡುಗುವುದು, ಸ್ನಾನದ ಮನೆಯ ಬಾಗಿಲು ಹಾಕಿಕೊಂಡು ಅಳುವುದು. ಡಾಕ್ಟರಮ್ಮ ಕೊಟ್ಟ ಮಾತ್ರೆಗಳಿಂದ ಮೆಲ್ಲಗೆ ಚೇತರಿಸಿಕೊಂಡಿದ್ದಳು.

ಅಷ್ಟರಲ್ಲಿ ಊರಾಚೆ ‘ಹಿರಿಯರ ಹಾದಿ’ ಎಂಬ ಶಿಬಿರ ಶುರುವಾಯಿತು. ದಣಿದ ನೌಕರರು ಬಂದು, ಫೋನು ಒಪ್ಪಿಸಿ, ಚಾಪೆಯ ಮೇಲೆ ಮಲಗಿ, ಕೈಕೆಲಸ ಕಲಿಯಬೇಕು. ಹೆಣಿಗೆ ಕಲಿಸಲು ಬುಟ್ಟಿಯಮ್ಮನನ್ನೇ ಕರೆದರು.

“ಪಾಪ, ಎರಡು ದಿನ ನೆಮ್ಮದಿಯಾಗಿ ಕೂತು ಹೋಗ್ತಾರೆ ಮೇಷ್ಟ್ರೇ, ಒಳ್ಳೇದೇ” ಎಂದಿದ್ದಳು.

ಒಂದು ರಜೆಯ ಮಧ್ಯಾಹ್ನ ಸೊಸೆ ಹೆಣೆಯುತ್ತಿದ್ದ ಬುಟ್ಟಿಯನ್ನು ಅತ್ತೆ ಕೈಗೆತ್ತಿಕೊಂಡಳು. ನೆಟ್ಟಗೆ ನಿಲ್ಲುವ ಕಡ್ಡಿಗಳು ಹದಿನಾರು! ಕಡ್ಡಿ ಬೆಸವಾಗಿದ್ದರೆ ಮಾತ್ರ ಸುತ್ತುವ ಎಳೆ ಪ್ರತಿ ಕಡ್ಡಿಯನ್ನೂ ಒಂದು ಸುತ್ತಿನಲ್ಲಿ ಮುಂದಿನಿಂದ, ಮರುಸುತ್ತಿನಲ್ಲಿ ಹಿಂದಿನಿಂದ ಹಾದು ಬಿಗಿಯುತ್ತದೆ. ಸಮವಾದರೆ ಪ್ರತಿ ಸುತ್ತೂ ಒಂದೇ ಕಡೆ ಬಿದ್ದು, ಹೆಣಿಗೆ ಸಡಿಲವಾಗುತ್ತದೆ. ಮದುವೆಯಾಗಿ ಬಂದ ವಾರದಲ್ಲೇ ಸೊಸೆ ಕಲಿತಿದ್ದ ಪಾಠ. ಇಪ್ಪತ್ತು ಸುತ್ತು ಹಾಕಿಯೂ ಆ ಕಣ್ಣಿಗೆ ಅದು ಕಂಡಿರಲಿಲ್ಲ.

“ಮಾತ್ರೆ ತಗೊಂಡ್ಯೇನೆ?”

“ನಿಮ್ಮ ಮಗನೇ ಎತ್ತಿಟ್ಟಿದಾರೆ ಅತ್ತೆ. ಹನ್ನೆರಡು ದಿನ ಆಯ್ತು. ಹೆಣಿಗೆ ಮಾಡಿದ್ರೆ ಸಾಕಂತೆ, ಶಿಬಿರದ ಯಜಮಾನ್ರು ಹೇಳಿದ್ರಂತೆ.” ಸೊಸೆ ತಲೆ ಎತ್ತಲಿಲ್ಲ. “ಯಾಕಾದ್ರೂ ಬದುಕಿದೀನೋ ಅನ್ಸತ್ತೆ.”

ಬುಟ್ಟಿಯಮ್ಮ ಸೊಸೆಯನ್ನು ನಮ್ಮ ಮನೆಗೆ ಕರೆತಂದು ನನ್ನ ಹೆಂಡತಿಯ ಪಕ್ಕ ಕೂರಿಸಿ, ಮಗನ ರಟ್ಟೆ ಹಿಡಿದು ಶಿಬಿರಕ್ಕೆ ನಡೆದಳು. ನಾನೂ ಹಿಂದೆಯೇ ಹೋದೆ. ಚಾಪೆಗಳ ಮೇಲೆ ಮೂವತ್ತು ಜನ, ಮುಂದೆ ಭಾಷಣ ಮಾಡುತ್ತಿದ್ದ ಯಜಮಾನ.

“ನಮ್ಮ ಹಿರಿಯರಿಗೆ ಮನಸ್ಸಿನ ಕಾಯಿಲೆಗಳೇ ಇರಲಿಲ್ಲ. ಕೈ ತುಂಬ ಕೆಲಸ, ಕಣ್ತುಂಬ ನಿದ್ದೆ. ಇಗೋ, ಬುಟ್ಟಿಯಮ್ಮನೇ ಸಾಕ್ಷಿ!”

“ಸಾಕ್ಷಿ ತಾನೇ? ಹೇಳ್ತೀನಿ ಕೇಳು. ನಮ್ಮಕ್ಕ ದಿನಕ್ಕೆ ಆರು ಬುಟ್ಟಿ ಹೆಣೀತಿದ್ಳು. ಫೋನಿಲ್ಲ, ಆಫೀಸಿಲ್ಲ, ನಿನ್ನ ಇದೇ ಚಾಪೆ. ಮೂರು ತಿಂಗಳು ಮಾತು ಬಿಟ್ಳು. ಸೋಮಾರಿ ಅಂದ್ರು, ನಾಟಕ ಅಂದ್ರು, ಕೋಣೇಲಿ ಕೂಡಿಹಾಕಿದ್ರು. ಬಾವಿಯಿಂದ ಎತ್ತಿದಾಗ ಕಾಲು ಜಾರಿ ಬಿದ್ಳು ಅಂದ್ರು. ಕಾಯಿಲೆ ಇರ್ಲಿಲ್ವಂತೆ! ಇತ್ತು ಕಣಯ್ಯಾ. ಮಾತ್ರೆ ಇರ್ಲಿಲ್ಲ.”

“ಅಮ್ಮಾ, ಮಾತ್ರೆ ಬಿಡಿ ಅಂತ ನಾನು ಯಾರಿಗೂ ನೇರವಾಗಿ…”

“ನೇರವಾಗಿ ಯಾಕೆ ಹೇಳ್ತೀಯ? ಅಡ್ಡಗೋಡೆ ಮೇಲೆ ದೀಪ ಇಡೋನು ನೀನು. ಹೊತ್ತಿಕೊಂಡಿದ್ದು ನಮ್ಮನೆ!”

ಮುಂದಿದ್ದ ಹೆಂಗಸೊಬ್ಬಳು ಅಂಜುತ್ತಲೇ ಕೇಳಿದಳು: “ಹಾಗಾದ್ರೆ ಹೆಣಿಗೆಯಿಂದ ಉಪಯೋಗವೇ ಇಲ್ವಾ?”

“ದಣಿದೋರಿಗೆ ಇದೆ ತಾಯಿ. ಕಾಲು ಮುರಿದೋರಿಗೆ ನಡೀರಿ ನಡೀರಿ ಅನ್ಬಾರ್ದು, ಅಷ್ಟೆ.”

‘ಹಿಂದಿನವರ ನೆಮ್ಮದಿಯ ಬಾಳು’ ಎಂದು ವರ್ಷವರ್ಷವೂ ಪ್ರಬಂಧ ಬರೆಸಿದವನು ನಾನು. ಅವಳ ಮಗನಿಗೆ ಹತ್ತಕ್ಕೆ ಒಂಬತ್ತು ಕೊಟ್ಟಿದ್ದೆ. ಆ ದಿನ ಯಜಮಾನನ ಮೇಲೆ ಬಂದಷ್ಟೇ ಸಿಟ್ಟು ನನ್ನ ಮೇಲೂ ಬಂತು.

ಅಲ್ಲಿಂದ ನಮ್ಮ ಮನೆಗೆ, ಮನೆಯಿಂದ ಸೊಸೆಯನ್ನು ಕರೆದುಕೊಂಡು ನೆಟ್ಟಗೆ ಆಸ್ಪತ್ರೆಗೆ. ಸೊಸೆಯ ಹೆಸರು ಕೂಗಿದಾಗ ಮಗ ಹೊರಗಿನ ಬೆಂಚಿನಲ್ಲೇ ಕೂತ.

“ಏಳೋ.”

“ನಾನ್ಯಾಕಮ್ಮ ಒಳಗೆ?”

“ಎತ್ತಿಟ್ಟೋನು ನೀನು. ಹನ್ನೆರಡು ದಿನದ ಲೆಕ್ಕ ಅವಳು ಯಾಕೆ ಒಪ್ಪಿಸ್ಬೇಕು?”

ಅವನು ಎದ್ದ. ಬಾಗಿಲಲ್ಲಿ ಹೆಂಡತಿ ಅವನಿಗಾಗಿ ನಿಂತಿದ್ದಳು. ಅವನು ಅವಳ ಕೈ ಹಿಡಿಯಲು ಹೋದ. ಅವಳು ಕೊಡಲಿಲ್ಲ.

“ಮೊದ್ಲು ಒಳಗೆ ಬಂದು ಡಾಕ್ಟರಮ್ಮಂಗೆ ಹೇಳಿ” ಎಂದಳು.