ಕಾರಂಜಿಗೆ ಗಂಗೆಪೂಜೆ

ನನಗೆ ಮೊಮ್ಮಗಳು ಹುಟ್ಟಿದಳು. ಎಷ್ಟು ಸಲ ಹೇಳಿದರೂ ಬಾಯಿ ಸಿಹಿಯಾಗುತ್ತದೆ. ಮೂಗು ನನ್ನದೇ, ಬೇಕಾದರೆ ಯಾರಾದರೂ ಬಂದು ನೋಡಲಿ! ಮಗಳ ಬಾಣಂತನಕ್ಕೆಂದು ದೋಹಾಕ್ಕೆ ಬಂದವಳು ನಾನು. ಬಿನ್ ಮಹಮೂದ್ ಎನ್ನುವ ಬಡಾವಣೆಯ ಆ ಸಣ್ಣ ಮನೆಯಲ್ಲಿ ಮಗುವನ್ನು ಕಾಲ ಮೇಲೆ ಹಾಕಿಕೊಂಡು ಮೀಯಿಸುವಾಗ, ದೇವರಲ್ಲಿ ಇನ್ನು ಕೇಳುವುದಕ್ಕೆ ಎಂತದೂ ಇಲ್ಲ ಅನ್ನಿಸುತ್ತಿತ್ತು.

ಒಂದೇ ಒಂದು ಬಾಕಿ ಇತ್ತು. ನಮ್ಮ ಕಡೆ ಹೆರಿಗೆಯ ಸೂತಕ ಕಳೆದ ಮೇಲೆ ಬಾಣಂತಿ ಬಾವಿಕಟ್ಟೆಗೆ ಅರಿಶಿನ ಕುಂಕುಮ ಹಚ್ಚಿ, ವೀಳ್ಯದೆಲೆ ಇಟ್ಟು, ನೀರು ಸೇದಬೇಕು. ಆ ನೀರು ಮಗುವಿನ ಹಣೆಗೆ ತಾಗಬೇಕು. ನನ್ನಮ್ಮ ನನ್ನ ಕೈಯಲ್ಲಿ ಮಾಡಿಸಿದ್ದಳು.

"ಇಲ್ಲಿ ಬಾವಿ ಎಲ್ಲಿಂದ ತರುವುದು ಅಮ್ಮ? ಬಾತ್‌ರೂಮಿನ ನಲ್ಲಿಗೆ ಕುಂಕುಮ ಹಚ್ಚು," ಎಂದು ಮಗಳು ನಗಾಡಿದಳು. ನನಗೆ ನಗು ಬರಲಿಲ್ಲ.

ಒಂದು ಸಂಜೆ ಅಳಿಯ ನಮ್ಮನ್ನು ಹೊಸದಾದ ಒಂದು ದೊಡ್ಡ ಮಾಲಿಗೆ ಕರೆದುಕೊಂಡು ಹೋದರು. ಅದರ ಅಂಗಳದ ನಡುವೆ ಕಲ್ಲಿನ ಕಾರಂಜಿ. ಸಿಂಹದ ಬಾಯಿಂದ ನೀರು ಸುರಿಯುತ್ತಿತ್ತು.

"ಫ್ರಾನ್ಸಿನ ಒಂದು ಊರಿನ ಚೌಕದಲ್ಲಿ ಇಂಥದ್ದೇ ಉಂಟು ಅತ್ತೆ, ಹಳೇ ಕಾಲದ್ದು," ಎಂದರು ಅಳಿಯ. "ಊರಿನವರೆಲ್ಲ ಕೊಡ ತಂದು ಅಲ್ಲಿಂದಲೇ ನೀರು ಹಿಡೀತಿದ್ರಂತೆ. ಇದು ಅದರ ಕಾಪಿ."

ಊರಿಗೆಲ್ಲ ನೀರು ಕೊಟ್ಟದ್ದು ಅಂದ ಮೇಲೆ ಅದು ಗಂಗೆಯೇ ಅಲ್ಲವೇ? ಶಾಲೆ ಕಾಣದ ನನ್ನ ತಲೆಗೆ ಹೋದದ್ದು ಅಷ್ಟೇ. ಮುಂದಿನ ವಾರ ಅಲ್ಲಿಗೇ ಹೊರಟಾಗ ಎಲೆ, ಅರಿಶಿನ, ಕುಂಕುಮ ಎಲ್ಲ ಚೀಲದಲ್ಲಿ ಕಟ್ಟಿಕೊಂಡೆ.

ಕಲ್ಲಿಗೆ ಕುಂಕುಮ ಹಚ್ಚಿ ಎಲೆ ಇಟ್ಟೆ. "ಬಾ ಮಗಾ, ಒಂದು ಬೊಗಸೆ ನೀರು ತೆಗಿ," ಎಂದೆ. ಮಗಳು ನಿಂತಲ್ಲಿಂದ ಅಲುಗಲಿಲ್ಲ. ನಾನೇ ತೆಗೆದು, ತಳ್ಳುಗಾಡಿಯಲ್ಲಿ ಮಲಗಿದ್ದ ಮಗುವಿನ ಹಣೆಗೆ ಮುಟ್ಟಿಸಿದೆ. ಎಂಥ ಖುಷಿ ಆಯಿತು ನನಗೆ!

"ಮಾಫಿ, ಅಮ್ಮಾ, ಮಾಫಿ!" ಸೆಕ್ಯುರಿಟಿಯವನು ಓಡಿ ಬಂದ. ಬೇಡ ಎನ್ನುವುದಕ್ಕೆ ಇಲ್ಲಿ ಅದೇ ಮಾತು. ಅಳಿಯ ಅವನ ಹತ್ತಿರ ಹಿಂದಿಯಲ್ಲಿ ಸಾರಿ ಕೇಳಿದರು.

"ಎಂತ ಕರ್ಮ ಅಮ್ಮ ನಿನ್ನದು!" ಮಗಳು ಹಲ್ಲು ಕಚ್ಚಿ ಹೇಳಿದಳು. "ಮದ್ದು ಹಾಕಿ ಅದನ್ನೇ ಅದನ್ನೇ ತಿರುಗಿಸುವ ನೀರು ಅದು. ನನ್ನ ಆಫೀಸಿನವರೆಲ್ಲ ಇಲ್ಲಿಗೇ ಬರುವುದು. ವೀಸಾ ಮುಗಿದ ಕೂಡಲೇ ನೀನು ಹೋಗ್ತೀ, ಇಲ್ಲಿ ಮುಖ ತೋರಿಸಬೇಕಾದವಳು ನಾನು."

ಮದ್ದಿನ ಮಾತು ಸರಿಯೇ ಇರಬಹುದು. ನಾನು ಹೋಗುವವಳು ಎನ್ನುವುದನ್ನು ಮಗುವಿನ ಎದುರು ಹೇಳಬೇಕಿತ್ತೇ?

ಅವಳು ಒದ್ದೆ ಟಿಶ್ಯೂ ಎಳೆದು ಮಗುವಿನ ಹಣೆ ಒರೆಸಿದಳು. ಇನ್ನೊಂದು ಎಳೆದು ಕಲ್ಲಿನ ಕುಂಕುಮ ತಿಕ್ಕಿದಳು. ಗಾಡಿ ತಳ್ಳುವುದಕ್ಕೆ ನಾನು ಕೈ ಚಾಚಿದೆ.

"ಮೊದಲು ಕೈ ತೊಳ್ಕೊಂಡು ಬಾ," ಎಂದಳು.