ಬಸ್‌ ಸ್ಟ್ಯಾಂಡಿನ ಕೆಂಪು ನೀರು

ಅಂದು ದೋಸೆ ಹುಯ್ದು, ಬಟ್ಟೆ ಒಗೆದು, ಕೋಳಿಗೆ ನುಚ್ಚು ಹಾಕಿ, ಕಾಮಾಲೆಯಿಂದ ಆಗಷ್ಟೇ ಎದ್ದಿದ್ದ ಯಜಮಾನರನ್ನು ಡಾಕ್ಟರಿಗೆ ತೋರಿಸಲು ಕೇರಳ ಗಡಿಯ ಕುಟ್ಟಕ್ಕೆ ಹೋಗಿದ್ದೆ.

ಬಸ್‌ ಸ್ಟ್ಯಾಂಡಿನ ನಲ್ಲಿಯ ಪಕ್ಕದಲ್ಲಿ ಮಲಯಾಳಿ ಅಮ್ಮನೊಬ್ಬರ ಚಹಾದಂಗಡಿ. ಯಾರಾದರೂ ನಲ್ಲಿಗೆ ಬೊಗಸೆ ಒಡ್ಡಿದರೆ ಅವರು ಸೌಟಿನಿಂದ ಮೇಜು ಕುಟ್ಟಿ, "ಕುದಿಸಿದ್ದು ಕುಡೀರಿ" ಎನ್ನುವರು. ಮಳೆಗೆ ನಲ್ಲಿಯಲ್ಲಿ ಕೆಮ್ಮಣ್ಣು ನೀರು ಬರುತ್ತಿತ್ತು. ನಾನು ಬಸ್ಸು ವಿಚಾರಿಸಿ ಬರುವಷ್ಟರಲ್ಲಿ ಯಜಮಾನರು ಒಂದು ಲೋಟ ಕೆಂಪು ನೀರು ಕುಡಿದು ಮುಗಿಸುತ್ತಿದ್ದರು. ಓಡಿಹೋಗಿ ಲೋಟ ಕಿತ್ತುಕೊಂಡೆ.

"ಗಾಬರಿ ಬೇಡ ಮೋಳೆ, ಮಗಳೇ, ಪತಿಮುಗಂ ಮರದ ಚಕ್ಕೆ ಹಾಕಿ ಕುದಿಸಿದ್ದು. ಅದರದ್ದೇ ಕೆಂಪು," ಎಂದು ಅಮ್ಮ ಹಬೆಯಾಡುವ ಪಾತ್ರೆಯ ಮುಚ್ಚಳ ತೆಗೆದು ತೋರಿಸಿದರು.

"ನಾನು ಶರಬತ್ ಅಂದ್ಕೊಂಡೆ," ಎಂದರು ಯಜಮಾನರು.

"ಶರಬತ್ತಾದ್ರೆ ಕಾಸು ಕೇಳ್ತಿದ್ದೆ."

ರಾತ್ರಿ ಗಂಜಿ, ಸುಟ್ಟ ಹಪ್ಪಳ ಉಂಡೆವು. ಅಮ್ಮ ಕೊಟ್ಟ ಚಕ್ಕೆ ಒಲೆಯ ಮೇಲೆ ಕುದಿಯುತ್ತಿರುವಾಗಲೇ ಯಜಮಾನರಿಗೆ ನಿದ್ದೆ ಹತ್ತಿತು.