ದೋಣಿಯಲ್ಲಿ ನನ್ನ ಬೆಲ್ಟ್ ಹಿಡಿದದ್ದು

ತೀರಿಕೊಂಡವರು ಮತ್ತೆ ಬರುತ್ತಾರೆ ಎಂಬ ಮಾತನ್ನು ನಾನು ಯಾವತ್ತೂ ನಂಬಿದವನಲ್ಲ. ನಮ್ಮ ಮನೆಯಲ್ಲಿ ವರ್ಷಕ್ಕೊಮ್ಮೆ ಅವರಿಗೆ ಇಷ್ಟವಾದ ಅಡುಗೆ ಮಾಡಿ, ಎಲೆಯಲ್ಲಿ ಬಡಿಸಿ, ಬಾಗಿಲು ಹಾಕಿ ಹೊರಗೆ ನಿಲ್ಲುವ ಕ್ರಮ ಉಂಟು. ಅಗೆಲು ಎನ್ನುತ್ತೇವೆ. ಹಿರಿಯರ ಮನಸ್ಸು ನೋಯಿಸಬಾರದೆಂದು ನಾನೂ ನಿಲ್ಲುತ್ತಿದ್ದೆ, ಅಷ್ಟೆ. ಕೆಲವು ವರ್ಷಗಳ ಹಿಂದೆ ಹಾಡುಹಗಲಲ್ಲಿ ನಡೆದ ಒಂದು ಸಂಗತಿಯನ್ನು ಇಲ್ಲಿ ಬರೆಯುತ್ತಿದ್ದೇನೆ. ನೀವು ನಂಬಲೇಬೇಕೆಂದು ಹೇಳುವುದಿಲ್ಲ.

ಬಂಟ್ವಾಳದಲ್ಲಿ ನಮ್ಮದೊಂದು ಗಾಳದವರ ಕ್ಲಬ್ ಉಂಟು. ಬೆಳ್ತಂಗಡಿ, ಮೂಡುಬಿದಿರೆಯವರೂ ಇದ್ದಾರೆ. ವರ್ಷವಿಡೀ ಹೊಳೆಯ ದಡದಲ್ಲಿ ಕೂರುವ ನಾವು ಮಳೆಗಾಲ ಕಳೆದ ಮೇಲೆ ಒಂದು ಭಾನುವಾರ ಬಾಡಿಗೆಯ ಸಣ್ಣ ದೋಣಿಗಳಲ್ಲಿ ಕಡಲಿಗೆ ಇಳಿಯುತ್ತೇವೆ. ದೋಣಿಗೆ ಇಬ್ಬರು. ಸ್ಪರ್ಧೆ ಎಂದು ಹೆಸರು, ಗೆದ್ದವನಿಗೆ ಸಿಗುವುದು ಒಂದು ಪ್ಲಾಸ್ಟಿಕ್ ಬಕೆಟ್. ದೊಡ್ಡ ಮೀನು ಕಚ್ಚಿದರೆ ಜತೆಗಾರ ಹಿಂದಿನಿಂದ ಬೆಲ್ಟ್ ಹಿಡಿದುಕೊಳ್ಳಬೇಕು, ಇಲ್ಲದಿದ್ದರೆ ಗಾಳದವನೇ ನೀರಿಗೆ. ಅಣ್ಣನಿಗೆ ನಾನು, ನನಗೆ ಅಣ್ಣ, ಹಾಗೆ ಎಷ್ಟೋ ವರ್ಷ ಹೋಗಿದ್ದೆವು.

ಆ ವರ್ಷ ಅಣ್ಣ ಇರಲಿಲ್ಲ. ಮಳೆ ಹಿಡಿಯುವ ಮೊದಲೇ ಕಾಯಿಲೆಯಿಂದ ತೀರಿಕೊಂಡಿದ್ದ. ಆಸ್ಪತ್ರೆಯಲ್ಲಿ ಒಂದು ದಿನ, "ನನ್ನ ಎಲೆಗೆ ಐಸಿನ ಮೀನು ಹಾಕಬೇಡಿ ಆಯ್ತಾ. ಗಾಳದ ಕೆಂಬೇರಿ ಬೇಕು. ಅದೂ ನೀನೇ ಹಿಡಿದದ್ದು" ಎಂದು ನಕ್ಕಿದ್ದ. ನಾನು ಜನ್ಮದಲ್ಲಿ ಒಂದೂ ಕೆಂಬೇರಿ ಹಿಡಿದವನಲ್ಲ ಎಂಬುದು ಅವನಿಗೆ ಗೊತ್ತಿತ್ತು. ಸ್ಪರ್ಧೆಯ ಮರುದಿನವೇ ಅವನ ಮೊದಲ ಅಗೆಲು. ಬಕೆಟ್ ಯಾರಿಗಾದರೂ ಸಿಗಲಿ, ನನಗೆ ಆ ಕೆಂಪು ಮೀನೊಂದು ಬೇಕಿತ್ತು.

ನನ್ನ ಜತೆ ಬಂದದ್ದು ಅಣ್ಣನ ಗೆಳೆಯ, ಮೂಡುಬಿದಿರೆಯ ಫೆಲಿಕ್ಸ್. ನೀರಿನೊಳಗೆ ಬಂಡೆ ಇರುವ ಕಡೆ ಲಂಗರು ಹಾಕಿ ಕೂತೆವು. ಬಿಸಿಲೇರಿದರೂ ನಮಗೆ ಏನೂ ಸಿಗಲಿಲ್ಲ. ಪಕ್ಕದ ದೋಣಿಯಲ್ಲಿ ಬೆಳ್ತಂಗಡಿಯ ಜಿನ್ನಪ್ಪಣ್ಣ ಒಂದರ ಮೇಲೊಂದು ಎಳೆಯುತ್ತಿದ್ದರು.

"ನೀವು ಗಾಳ ಹಾಕ್ಲಿಕ್ಕೆ ಬಂದದ್ದಾ, ಚಾ ಕುಡೀಲಿಕ್ಕೆ ಬಂದದ್ದಾ?" ಎಂದು ಅಲ್ಲಿಂದಲೇ ಕೇಳಿದರು.

"ನಿಮ್ಮ ಮನೆಯ ಬಕೆಟ್ ಒಡೆದಿದೆಯಂತಲ್ಲ, ಹಾಗೆ ಬಿಟ್ಟುಕೊಟ್ಟದ್ದು ಮಾರಾಯ್ರೆ" ಎಂದ ಫೆಲಿಕ್ಸ್.

ನಾನು ನಗುತ್ತಿರುವಾಗಲೇ ನನ್ನ ಗಾಳದ ರಾಡ್ ಬಾಗಿ ತುದಿ ನೀರು ಮುಟ್ಟಿತು. ಅಂಥ ಎಳೆತ ನನ್ನ ಕೈಗೆ ಯಾವತ್ತೂ ಸಿಕ್ಕಿರಲಿಲ್ಲ. ರೀಲ್ ಸುತ್ತಲು ಬಿಡದೆ ಮೀನು ದೋಣಿಯ ಅಡಿಯಿಂದ ಲಂಗರಿನ ಹಗ್ಗದ ಕಡೆ ನುಗ್ಗಿತು. "ಹಗ್ಗಕ್ಕೆ ಸುತ್ತಿದರೆ ಹೋಯ್ತು, ನಾನು ಲಂಗರು ಎತ್ತುತ್ತೇನೆ" ಎಂದು ಫೆಲಿಕ್ಸ್ ದೋಣಿಯ ಮುಂದಿನ ತುದಿಗೆ ಓಡಿದ. ನಾನು ಹಿಂದಿನ ತುದಿಯಲ್ಲಿ ನಿಂತಿದ್ದೆ. ಅಷ್ಟರಲ್ಲಿ ಮೀನು ತಿರುಗಿ ನನ್ನತ್ತ ಬಂದು ಹೊರಗಿನ ನೀರಿಗೆ ಓಡಿತು. ನನ್ನ ಮೊಣಕಾಲು ದೋಣಿಯ ಅಂಚಿಗೆ ತಾಗಿತು, ಅರ್ಧ ಮೈ ಹೊರಗೆ ವಾಲಿತು. ಬಿದ್ದೇ ಬಿಟ್ಟೆ ಅನ್ನುವಾಗ ಹಿಂದಿನಿಂದ ಬೆಲ್ಟ್ ಹಿಡಿದಂತಾಯಿತು.

ನಾನು ತಿರುಗಿ ನೋಡಲಿಲ್ಲ. ನೋಡಬೇಕೆಂದು ಅನಿಸಲೂ ಇಲ್ಲ, ಅಷ್ಟು ರೂಢಿಯ ಹಿಡಿತ ಅದು. ಮೀನು ಎಳೆದಾಗ ಬಿಗಿಯುತ್ತಿತ್ತು, ಮೀನು ಸೋತಾಗ ನನಗೆ ಬಗ್ಗಲು ಬೇಕಾದಷ್ಟು ಸಡಿಲ ಬಿಡುತ್ತಿತ್ತು. ನನಗೆ ಭಯವಿರಲಿಲ್ಲ. ಇಷ್ಟು ಸಂತೋಷಪಟ್ಟು ಎಷ್ಟು ಕಾಲವಾಯಿತೋ ಅನಿಸಿತು. ಕೊನೆಗೆ ನೀರಿನಲ್ಲಿ ಕೆಂಪು ಬಣ್ಣ ಕಂಡಿತು. ಎರಡೂ ಕೈಯಿಂದ ತಬ್ಬಿ ಒಳಗೆ ಹಾಕಿದೆ. ಕೆಂಬೇರಿಯೇ.

"ಒಳ್ಳೆ ಹಿಡಿದೆ ಮಾರಾಯ" ಎನ್ನುತ್ತಾ ತಿರುಗಿದೆ. ಹಿಂದೆ ಯಾರೂ ಇರಲಿಲ್ಲ. ಫೆಲಿಕ್ಸ್ ಆಚೆ ತುದಿಯಲ್ಲಿ ಬಂಡೆಗೆ ಸಿಕ್ಕಿದ ಲಂಗರಿನೊಂದಿಗೆ ಇನ್ನೂ ಗುದ್ದಾಡುತ್ತಿದ್ದ. ಜಿನ್ನಪ್ಪಣ್ಣ ತಮಾಷೆ ಬಿಟ್ಟು ಕೇಳಿದರು, "ಅಲ್ಲ ಮಾರಾಯ, ಒಬ್ಬನೇ ಅಷ್ಟು ವಾಲಿದ್ದಿ, ಬೀಳದೆ ಹೇಗೆ ನಿಂತೆ?"

ಬೆಲ್ಟ್ ಎಲ್ಲಾದರೂ ಸಿಕ್ಕಿಕೊಂಡಿತ್ತೇ ಎಂದು ಹುಡುಕಿದೆ. ಅಲ್ಲಿ ಒಂದು ಮೊಳೆಯೂ ಇರಲಿಲ್ಲ. ಇದ್ದರೂ ಮೊಳೆ ಸಮಯ ನೋಡಿ ಸಡಿಲ ಬಿಡುತ್ತದೆಯೇ?

ಮರುದಿನ ಅತ್ತಿಗೆ ಆ ಮೀನಿಗೆ ಮಸಾಲೆ ಹಚ್ಚುತ್ತಿದ್ದಾಗ ಅವರೊಬ್ಬರಿಗೇ ಹೇಳಿದೆ. ಅವರು ನಗಲಿಲ್ಲ, ಹೆದರಲೂ ಇಲ್ಲ. "ಗಟ್ಟಿ ಹಿಡಿದಿದ್ದರಾ?" ಎಂದು ಮಾತ್ರ ಕೇಳಿದರು. ಕೊನೆಯ ದಿನಗಳಲ್ಲಿ ಅಣ್ಣನ ಕೈಗೆ ನೀರಿನ ಲೋಟ ಹಿಡಿಯುವಷ್ಟೂ ಬಲ ಇರಲಿಲ್ಲ. ಅತ್ತಿಗೆಯೇ ಕುಡಿಸುತ್ತಿದ್ದರು.

"ಗಟ್ಟಿ" ಎಂದೆ.

"ಹಾಗಾದರೆ ಸಾಕು" ಎಂದು ಅವರು ಒಲೆಯ ಕಡೆ ತಿರುಗಿದರು.

ಅದು ಯಾರ ಕೈ, ಅಥವಾ ಕೈಯೇ ಹೌದೋ ಅಲ್ಲವೋ, ನನಗೆ ಇವತ್ತಿಗೂ ಗೊತ್ತಿಲ್ಲ. ಆದರೆ ಅತ್ತಿಗೆಗೆ ನಾನು ಹೇಳಿದ್ದು ಸಮಾಧಾನದ ಮಾತಲ್ಲ. ಗಟ್ಟಿಯೇ ಇತ್ತು.